ಒಂದೇ ಅಚ್ಚಿನ ಕಾರು, ಊರ ತುಂಬ ಉಸ್ತಾದರು

ಹಳೆಯ ಕಾರುಗಳ ಮಾತು ಬಂದಲ್ಲೆಲ್ಲ ಒಂದು ವಾದ ತಪ್ಪದೆ ಬರುತ್ತದೆ. ಆಗಿನ ಗಾಡಿ ಸರಳವಾಗಿತ್ತು, ಪಾನಾ ಹಿಡಿಯಲು ಬಂದವನೆಲ್ಲ ಮೆಕ್ಯಾನಿಕ್ಕಾಗುತ್ತಿದ್ದ; ಈಗ ಟರ್ಬೊ, ಸೆನ್ಸರು, ಕಂಪ್ಯೂಟರು ಎಲ್ಲ ಬಂದು ಬಾನೆಟ್ ಎತ್ತಿದರೂ ಕೈ ಹಾಕಲು ಜಾಗವಿಲ್ಲ ಎನ್ನುತ್ತಾರೆ. ಹತ್ತು ಹದಿನೈದು ವರ್ಷದ ಟರ್ಬೊ ಸೆಡಾನೊಂದನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಅದನ್ನು ಸ್ವತಃ ಸರಿಮಾಡಲು, ಒಂದಿಷ್ಟು ಮಾರ್ಪಡಿಸಲು ಹೊರಟವರಿಗೆ ಈ ವಾದ ಸಮಾಧಾನವನ್ನೂ ಕೊಡುತ್ತದೆ, ಕೈಚೆಲ್ಲಲು ನೆಪವನ್ನೂ ಕೊಡುತ್ತದೆ. ಮುಂಬೈಯ ಚರಿತ್ರೆ ನೋಡಿದರೆ ಈ ವಾದ ಅರ್ಧಕ್ಕೇ ನಿಲ್ಲುತ್ತದೆ. ಈ ದೇಶದಲ್ಲಿ ಬೀದಿಬದಿಯ ಕಾರು ರಿಪೇರಿ ಅತಿ ದೊಡ್ಡ ಪ್ರಮಾಣದಲ್ಲಿ ಬೆಳೆದ ಊರುಗಳಲ್ಲಿ ಮುಂಬೈ ಒಂದು. ಆ ವಿದ್ಯೆಯನ್ನು ಬೆಳೆಸಿದ್ದು ಯಂತ್ರದ ಸರಳತೆಗಿಂತ ಹೆಚ್ಚಾಗಿ ಒಂದೇ ಅಚ್ಚಿನ ಯಂತ್ರ ಸಾವಿರಗಟ್ಟಲೆ ಸಂಖ್ಯೆಯಲ್ಲಿ, ದಶಕಗಟ್ಟಲೆ ಕಾಲ ಒಂದೇ ಊರಿನಲ್ಲಿ ಓಡಿದ್ದು. ಆ ಏಕರೂಪ ಮುರಿದಾಗ ವಿದ್ಯೆ ಮುಕ್ಕಾಯಿತು. ಟರ್ಬೊ ಆ ಹೊತ್ತಿಗೆ ಸರಿಯಾಗಿ ಬಂದದ್ದರಿಂದ ಆರೋಪ ಅದರ ತಲೆಗೆ ಬಿತ್ತು.

ಆ ಏಕರೂಪ ಎಲ್ಲಿಂದ ಬಂತು ಎಂದು ಹುಡುಕಿದರೆ ದಾರಿ ಮೈಸೂರಿಗೂ ಹೋಗಿ ಮುಟ್ಟುತ್ತದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಚೂಣಿಯಲ್ಲಿದ್ದರು. ದಿವಾನಗಿರಿ ಬಿಟ್ಟು ಬಹಳ ವರ್ಷಗಳಾದ ಮೇಲೆ, 1935ರಲ್ಲಿ, ಯುರೋಪು ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದು ಬೊಂಬಾಯಿಯಲ್ಲಿ ಅಂಥದೊಂದನ್ನು ಕಟ್ಟುವ ಯೋಜನೆ ಬರೆದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬೊಂಬಾಯಿ ಸರ್ಕಾರದ ಬೆಂಬಲ ಕೈಗೂಡದಿದ್ದಾಗ ಮೈಸೂರು ಸಂಸ್ಥಾನ ನೆರವಿಗೆ ಮುಂದಾಯಿತು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಅದಕ್ಕೂ ಅಡ್ಡಗಾಲು ಹಾಕಿತು. ವಾಲ್‌ಚಂದರ ಇನ್ನೊಂದು ಕನಸಾದ ವಿಮಾನ ಕಾರ್ಖಾನೆ 1940ರಲ್ಲಿ ಬೆಂಗಳೂರಿಗೆ ದಕ್ಕಿತು, ಕಾರು ಮಾತ್ರ ಬೊಂಬಾಯಿಯಲ್ಲೇ ಉಳಿಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು, 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಕ್ರೈಸ್ಲರ್ ಕಂಪನಿಯ ಗಾಡಿಗಳು ಜೋಡಣೆಯಾಗಿ ಹೊರಬಂದವು. 1950ರ ದಶಕದಲ್ಲಿ ಇಟಲಿಯ ಫಿಯೆಟ್ ಜೊತೆಗೂಡಿತು.

ಅಲ್ಲಿಯವರೆಗೆ ಬೊಂಬಾಯಿ ರಸ್ತೆಯಲ್ಲಿ ಏಕರೂಪವೆಂಬುದೇ ಇರಲಿಲ್ಲ. ಜನರಲ್ ಮೋಟರ್ಸ್ 1928ರಿಂದಲೇ ಸೇವ್ರಿಯಲ್ಲಿ ಗಾಡಿ ಜೋಡಿಸುತ್ತಿತ್ತು. ಶೆವರ್ಲೆ, ಫೋರ್ಡ್, ಮಾರಿಸ್, ಆಸ್ಟಿನ್, ಹಿಲ್‌ಮನ್ ಎಂದು ಹತ್ತಾರು ತಳಿ ಓಡಾಡುತ್ತಿದ್ದವು. ಸ್ವಾತಂತ್ರ್ಯದ ನಂತರ ಸರ್ಕಾರ ಜೋಡಿಸಿದ ಕಾರುಗಳ ಆಮದಿಗೆ ಕಡಿವಾಣ ಹಾಕಿತು; 1953ರಲ್ಲಿ, ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದವರಿಗೆ ಜೋಡಣೆಯೂ ಇಲ್ಲ ಎಂದಿತು. ಫೋರ್ಡ್, ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿದವು. ಮುಂದಿನ ಮೂರು ದಶಕ ದೇಶದ ಕಾರು ಎಂದರೆ ಬಹುಮಟ್ಟಿಗೆ ಕಲ್ಕತ್ತೆಯ ಅಂಬಾಸಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಬೆಲೆಯನ್ನೂ ಸರ್ಕಾರವೇ ಗೊತ್ತುಮಾಡುತ್ತಿತ್ತು. ಆ ಜಗಳ ಹತ್ತಿ 1971ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬೆಲೆ ಏರಿಸುವ ಹಾಗಿಲ್ಲ, ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಲು ಸಿದ್ಧ. ಹೀಗಿರುವಾಗ ಕಾರಿನ ವಿನ್ಯಾಸ ಬದಲಿಸಿ ಕೈ ಸುಟ್ಟುಕೊಳ್ಳುವ ತಯಾರಕ ಎಲ್ಲಿ ಸಿಗುತ್ತಾನೆ? 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದ ಗಾಡಿ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಬದಲಾಯಿತು, ಗ್ರಿಲ್ಲು ಬದಲಾಯಿತು, ಮೈಕಟ್ಟು ಹಾಗೇ ಉಳಿಯಿತು. ಅದರ 1089 ಸಿಸಿ ಎಂಜಿನ್ನಿನ ಬೋರು 68 ಮಿಲಿಮೀಟರು, ಸ್ಟ್ರೋಕು 75. ಇದೇ ಅಳತೆಯ ಎಂಜಿನ್ ಇಟಲಿಯಲ್ಲಿ 1937ರಷ್ಟು ಹಿಂದೆಯೇ ಓಡುತ್ತಿತ್ತು. ಕುರ್ಲಾದಲ್ಲಿ ಹೊಸ ಸಹಸ್ರಮಾನದ ಹೊಸ್ತಿಲವರೆಗೂ ತಯಾರಾಯಿತು.

ಈ ಜಡತೆಯನ್ನು ಬೊಂಬಾಯಿಯ ಟ್ಯಾಕ್ಸಿ ನೂರ್ಮಡಿ ಮಾಡಿತು. ದ್ವೀಪನಗರದೊಳಗೆ, ಅಂದರೆ ಬಾಂದ್ರಾ-ಸಾಯನ್‌ನಿಂದ ದಕ್ಷಿಣಕ್ಕೆ, ಆಟೋರಿಕ್ಷಾಗೆ ಪ್ರವೇಶವಿಲ್ಲ. ಬಾಡಿಗೆ ಓಡಾಟವೆಲ್ಲ ಆಗ ಕಪ್ಪು-ಹಳದಿ ಫಿಯೆಟ್ಟಿನ ಪಾಲಾಗಿತ್ತು. ತೊಂಬತ್ತರ ದಶಕದಲ್ಲಿ ನಗರದ ಟ್ಯಾಕ್ಸಿಗಳು 60 ಸಾವಿರದ ಆಜುಬಾಜಿನಲ್ಲಿದ್ದವು, ಬಹುಪಾಲು ಪದ್ಮಿನಿಗಳು. ಈ ಸಂಖ್ಯೆಯ ಅರ್ಥವನ್ನು ಬಿಡಿಸಿ ನೋಡಬೇಕು. ಒಬ್ಬ ಉಸ್ತಾದ್, ಅಂದರೆ ಪಳಗಿದ ಮೆಕ್ಯಾನಿಕ್, ಒಂದು ಕ್ಲಚ್ ಪ್ಲೇಟ್ ಬದಲಿಸಲು ಕಲಿತರೆ ಆ ಕಲಿಕೆ ಅರವತ್ತು ಸಾವಿರ ಗಾಡಿಗೆ ಸಲ್ಲುತ್ತಿತ್ತು. ಒಂದು ಬ್ರಾಕೆಟ್ಟಿನ ಅಳತೆ ಒಮ್ಮೆ ತೆಗೆದಿಟ್ಟರೆ ಲೇತಿನವನು ಅದನ್ನೇ ವರ್ಷಗಟ್ಟಲೆ ಕೊರೆಯಬಹುದಿತ್ತು. ಕುರ್ಲಾ-ಕಲೀನಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಗಳು (ಈ ಸಿಎಸ್‌ಟಿ ರೈಲು ನಿಲ್ದಾಣದ್ದಲ್ಲ, ಅಲ್ಲಿ ಹಿಂದೆ ಕೆಲವೇ ವರ್ಷ ಓಡಿ ನಿಂತ ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇಯದು), ಒಪೇರಾ ಹೌಸ್ ಸುತ್ತಿನ ಹೊಸ ಬಿಡಿಭಾಗದ ಅಂಗಡಿಗಳು, ಇವೆಲ್ಲ ಈ ಲೆಕ್ಕದ ಮೇಲೆ ನಿಂತವು. ಯಾವ ಸಾಮಾನು ಇಟ್ಟರೆ ಖರ್ಚಾಗುತ್ತದೆ ಎಂದು ಅಂಗಡಿಯವನು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಕೆಲಸ ಸುಲಭವಾಗಿತ್ತು ಎನ್ನುವವರು ಒಂದು ವಾಲ್ವ್ ಗ್ರೈಂಡಿಂಗ್ ನೋಡಬೇಕು. ಹೆಡ್ ಬಿಚ್ಚಿ, ಕಾರ್ಬನ್ ಕೆರೆದು, ಎಂಟು ವಾಲ್ವುಗಳನ್ನೂ ಬೇರೆಬೇರೆಯಾಗಿ ಗುರುತು ಮಾಡಿಡುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಸೇರಕೂಡದು. ವಾಲ್ವಿನ ಅಂಚಿಗೆ ಮೊದಲು ತರಿ ಪೇಸ್ಟು, ಆಮೇಲೆ ನಯ ಪೇಸ್ಟು ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಅದಕ್ಕೆ ಕಚ್ಚಿಸಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆಯುವ ಹಾಗೆ ಹಿಂದೆ ಮುಂದೆ ಉಜ್ಜುತ್ತಾರೆ. ಆಗಾಗ ಎತ್ತಿ ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಬೇಕು, ಇಲ್ಲದಿದ್ದರೆ ಸೀಟು ಒಂದೇ ಕಡೆ ಸವೆಯುತ್ತದೆ. ಅಂಚಿನ ಸುತ್ತ ಕಡಿಯದ ಬೂದುಬಣ್ಣದ ಉಂಗುರ ಮೂಡಿದಾಗ ಒರೆಸಿ, ಪೋರ್ಟಿಗೆ ಸೀಮೆಎಣ್ಣೆ ಸುರಿದು ಕಾಯುತ್ತಾರೆ. ಜಿನುಗಿದರೆ ಮತ್ತೆ ಮೊದಲಿನಿಂದ. ಇದು ಕೈ ಮತ್ತು ಕಣ್ಣು ಎರಡೂ ಪಳಗಬೇಕಾದ ಕಸುಬು. ಪಳಗಿಸಿದ್ದು ದಿನಕ್ಕೊಂದರಂತೆ ಬರುತ್ತಿದ್ದ ಅದೇ ಹೆಡ್ಡು. ಕಾರನ್ನು ಮನೆಯಲ್ಲೇ ರಿಪೇರಿ ಮಾಡುವುದು ಎಂದರೆ ಅಮೆರಿಕದವರ ಕಣ್ಣಿಗೆ ಸ್ವಂತ ಶೆಡ್ಡು, ಭಾನುವಾರದ ಬಿಡುವು. ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಮಾಡುವ ಊರಿನಲ್ಲಿ ಟ್ಯಾಕ್ಸಿಯವನ ಶೆಡ್ಡು ಫುಟ್‌ಪಾತಿನ ಅಂಚೇ ಆಗಿತ್ತು. ಪ್ಲಗ್ಗು, ಪಾಯಿಂಟು, ಕಾರ್ಬ್ಯುರೇಟರ್ ಜೆಟ್ಟು ಅವನೇ ನೋಡಿಕೊಳ್ಳುತ್ತಿದ್ದ, ಹೆಡ್ಡಿನ ಕೆಲಸಕ್ಕೆ ಅದೇ ಗಲ್ಲಿಯ ಉಸ್ತಾದ್ ಬರುತ್ತಿದ್ದ.

ಮಾರ್ಪಾಡಿನ ಚರಿತ್ರೆಯೂ ಇದೇ ಜಾಡಿನಲ್ಲಿದೆ. ಮುಂಬೈಯ ಎಂಜಿನ್‌ಗಳನ್ನು ಬದಲಿಸಿದ್ದು ವೇಗದ ಹುಚ್ಚಿಗಿಂತ ಹೆಚ್ಚಾಗಿ ಪಂಪಿನ ದರಪಟ್ಟಿ. ಪೆಟ್ರೋಲಿಗಿಂತ ಡೀಸೆಲ್ ಅಗ್ಗವಾಗಿದ್ದ ವರ್ಷಗಳಲ್ಲಿ ಪದ್ಮಿನಿಯ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವುದು ಒಂದು ವ್ಯಾಪಾರವೇ ಆಯಿತು. ಕಂಪನಿಯೂ ಕೊನೆಗಾಲದಲ್ಲಿ 1.37 ಲೀಟರಿನ ಡೀಸೆಲ್ ಪದ್ಮಿನಿ ಮಾರಿತು. ಅನಂತರ ಗ್ಯಾಸು ಬಂತು. ಮಹಾನಗರ್ ಗ್ಯಾಸ್ 1995ರಲ್ಲಿ ಸ್ಥಾಪನೆಯಾಯಿತು. ಹೊಗೆಯ ವಿರುದ್ಧ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟು ಹಳೆಯ ಟ್ಯಾಕ್ಸಿಗಳನ್ನು ಶುದ್ಧ ಇಂಧನದ ಕಡೆ ತಳ್ಳಿತು. ಕೆಲವೇ ವರ್ಷಗಳಲ್ಲಿ ಊರಿನ ಟ್ಯಾಕ್ಸಿಗಳು ಸಿಎನ್‌ಜಿಗೆ ತಿರುಗಿದವು. 200 ಬಾರ್ ಒತ್ತಡದ ಗ್ಯಾಸನ್ನು ಇಳಿಸುವ ರಿಡ್ಯೂಸರು, ಕಾರ್ಬ್ಯುರೇಟರಿನ ಬಾಯಿಗೆ ಮಿಕ್ಸರು, ಡಿಕ್ಕಿ ತುಂಬ ಸಿಲಿಂಡರು. ಪ್ರಯಾಣಿಕರ ಪೆಟ್ಟಿಗೆಗಳಿಗೆ ಛಾವಣಿಯ ಕ್ಯಾರಿಯರೇ ಗತಿಯಾಯಿತು. ಇಷ್ಟು ದೊಡ್ಡ ಬದಲಾವಣೆ ಇಷ್ಟು ಬೇಗ ಆದದ್ದಕ್ಕೆ ಕೋರ್ಟಿನ ಬಿಗಿ ಒಂದು ಕಾರಣವಾದರೆ, ಒಂದು ಕಾರಿಗೆ ಕೂತ ಕಿಟ್ಟು ಎಲ್ಲ ಕಾರಿಗೂ ಕೂರುತ್ತಿದ್ದದ್ದು ಇನ್ನೊಂದು. ಹತ್ತು ಬಗೆಯ ಎಂಜಿನ್ನುಗಳಿದ್ದರೆ ಹತ್ತು ಬಗೆಯ ಟ್ಯೂನಿಂಗ್ ಕಲಿಯಬೇಕಿತ್ತು.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಕಾರಣ-ಪರಿಣಾಮಗಳು ತಿರುವುಮುರುವಾಗಿವೆ, ರಿಪೇರಿ ಸುಲಭವಿದ್ದ ಕಾರಣಕ್ಕೇ ಟ್ಯಾಕ್ಸಿಯವರು ಫಿಯೆಟ್ ಆರಿಸಿಕೊಂಡರು, ಆದ್ದರಿಂದ ಅದರ ಸಂಖ್ಯೆ ಬೆಳೆಯಿತು ಎಂದು. ಆರಿಸಿಕೊಳ್ಳಲು ಬೇರೇನಿತ್ತು ಎಂಬುದೇ ಉತ್ತರ. ಕಲ್ಕತ್ತೆಯವರು ತಮ್ಮ ಊರ ಬಗಲಲ್ಲೇ ತಯಾರಾಗುತ್ತಿದ್ದ ಅಂಬಾಸಡರನ್ನು ಹಿಡಿದರು, ಅಲ್ಲಿಯೂ ಇಂಥದೇ ಉಸ್ತಾದರ ಸಂತತಿ ಬೆಳೆಯಿತು. ಎರಡು ಊರು, ಎರಡು ಬೇರೆ ಯಂತ್ರ, ಒಂದೇ ಫಲ. ಯಂತ್ರದ ಗುಣವೇ ನಿರ್ಣಾಯಕವಾಗಿದ್ದರೆ ಇವೆರಡರಲ್ಲಿ ಒಂದಾದರೂ ಸೋಲಬೇಕಿತ್ತು.

ಸರಳತೆಯ ವಾದಕ್ಕೆ ಇನ್ನೂ ಗಟ್ಟಿಯಾದ ಪೆಟ್ಟು ಕೊಡುವ ಸಾಕ್ಷಿ ಮುಂಬೈ ಬಳಿಯ ಕಲ್ಯಾಣದಲ್ಲಿದೆ. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲಿದ ಮೇಲೆ ಪ್ರೀಮಿಯರ್ ಕಂಪನಿ ಫ್ರಾನ್ಸಿನ ಪಿಯುಜೊ ಜೊತೆ ಸೇರಿ ಅಲ್ಲಿ 309 ಎಂಬ ಕಾರು ತಯಾರಿಸಿತು. ಓಡಿಸಿದವರು ಅದರ ಸಸ್ಪೆನ್ಶನ್ನನ್ನು ಇಂದಿಗೂ ಹೊಗಳುತ್ತಾರೆ. ಡೀಸೆಲ್ ಎಂಜಿನ್ನಿಗೆ ಟರ್ಬೊ ಇರಲಿಲ್ಲ, ಎಲೆಕ್ಟ್ರಾನಿಕ್ಸಿನ ಕಾಟವೂ ಇರಲಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಕಾರ್ಮಿಕರ ಜಗಳ, ಪಾಲುದಾರರ ಜಗಳ ಸೇರಿ ಅಂಗಡಿ ಮುಚ್ಚಿತು. ಕಾರು ಕೊಂಡವರು ಬಿಡಿಭಾಗಕ್ಕೆ ಅಲೆದಾಡಿದರು. ಸರಳ ಯಂತ್ರ, ಮುಂಬೈಗೆ ಕೂಗಳತೆಯಲ್ಲೇ ತಯಾರಾದದ್ದು, ಆದರೂ ಅದರ ಸುತ್ತ ಉಸ್ತಾದರ ಪರಂಪರೆಯೊಂದು ಹುಟ್ಟಲಿಲ್ಲ. ಹುಟ್ಟುವಷ್ಟು ಗಾಡಿಗಳೇ ಇರಲಿಲ್ಲ.

ಟರ್ಬೊ ವಿಷಯಕ್ಕೆ ಬರೋಣ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದ ಉಪಾಯವಿದು. ಒಂದು ದಂಡದ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರಿನ ದಾರಿ ಹಿಡಿದ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಆ ದಂಡವನ್ನು ತೆಳುವಾದ ಎಣ್ಣೆಯ ಪದರವೊಂದೇ ಕಾಯುತ್ತದೆ. ಯುರೋಪಿನಲ್ಲಿ ಎಪ್ಪತ್ತರ ದಶಕದ ಬಿಎಂಡಬ್ಲ್ಯು, ಸಾಬ್ ಕಾರುಗಳಿಗೆ ಇದನ್ನು ಹಚ್ಚಿದ್ದು ಓಟಕ್ಕಾಗಿ. ನಮ್ಮಲ್ಲಿ ಮಾತ್ರ ಸಾಮಾನ್ಯರ ಸೆಡಾನಿಗೆ ಟರ್ಬೊ ಬಂದದ್ದು ಡೀಸೆಲ್ ಮೂಲಕ, ಅಂದರೆ ಮತ್ತೆ ಮೈಲೇಜಿನ ಲೆಕ್ಕಾಚಾರದ ಮೂಲಕ. ಈ ಶತಮಾನದ ಮೊದಲ ವರ್ಷಗಳ ಸ್ಕೋಡಾ ಆಕ್ಟೇವಿಯಾದ 1.9 ಲೀಟರ್ ಡೀಸೆಲ್, ಹ್ಯುಂಡೈ ಆ್ಯಕ್ಸೆಂಟಿನ ಸಿಆರ್‌ಡಿಐ ಇದಕ್ಕೆ ಉದಾಹರಣೆ. 2004ರ ಆಕ್ಟೇವಿಯಾ ಆರ್‌ಎಸ್‌ನ 150 ಅಶ್ವಶಕ್ತಿಯ ಪೆಟ್ರೋಲ್ ಟರ್ಬೊ ಉಳ್ಳವರ ಷೋಕಿಯಾಗಿಯೇ ಉಳಿಯಿತು.

ಟರ್ಬೊ ಎಂಬುದು ಕೈಗೆ ಒಗ್ಗದ ವಸ್ತು, ಕಾರ್ಖಾನೆಯ ಸೂಕ್ಷ್ಮ ಅಳತೆ ಗಲ್ಲಿಯಲ್ಲಿ ಸಾಧ್ಯವಿಲ್ಲ ಎನ್ನುವವರು ಮುಂಬೈ ಹೊರಗಿನ ಕಳಂಬೋಲಿಯ ಲಾರಿ ಅಡ್ಡೆಯ ಕಡೆ ಹೋಗಿ ನೋಡಬಹುದು. ಟಾಟಾ, ಲೇಲ್ಯಾಂಡ್ ಲಾರಿಗಳಲ್ಲಿ ಟರ್ಬೊ ಮಾಮೂಲಾಗಿ ದಶಕಗಳೇ ಸಂದಿವೆ. ಗಾಳಿ ಕೊಳವೆ ಕಳಚಿ, ಚಕ್ರದ ಮೂತಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಸಾಕು, ಅದರ ಆಯುಷ್ಯ ತಿಳಿಯುತ್ತದೆ. ಪಕ್ಕಕ್ಕೆ ಕೂದಲೆಳೆಯಷ್ಟು ಆಟವಿದ್ದರೆ ಅದು ಸಹಜ, ಎಣ್ಣೆ ತುಂಬಿದಾಗ ಸರಿಹೋಗುತ್ತದೆ. ಉದ್ದಕ್ಕೆ ಒಳಹೊರಗೆ ಸರಿದರೆ ಬೇರಿಂಗ್ ಕೈಕೊಟ್ಟಿದೆ ಎಂದೇ ಅರ್ಥ. ಆಗ ನಡುವಿನ ತುಂಡನ್ನೇ ಇಡಿಯಾಗಿ ಬದಲಿಸುತ್ತಾರೆ. ಲಾರಿ ಮೆಕ್ಯಾನಿಕ್ಕಿಗೆ ದಿನನಿತ್ಯದ್ದಾದ ಈ ಕೆಲಸ ಕಾರಿನವನಿಗೆ ನಿಗೂಢವಾಗಿ ಕಂಡರೆ ವ್ಯತ್ಯಾಸ ಯಂತ್ರದಲ್ಲಿಲ್ಲ. ಲಾರಿಯ ಟರ್ಬೊ ಲಕ್ಷಗಟ್ಟಲೆ ಗಾಡಿಗಳಲ್ಲಿ ಒಂದೇ ತರಹದ್ದು, ಅದರ ತುಂಡು ಅಂಗಡಿಯಲ್ಲಿ ತೂಗಾಡುತ್ತಿರುತ್ತದೆ.

ಅಳತೆಯ ಮಾತು ಆಯಿತು, ಎಲೆಕ್ಟ್ರಾನಿಕ್ಸಿನದು ಹೇಗೆ? ಇದಕ್ಕೆ ಚರಿತ್ರೆಯೇ ಒಂದು ಪ್ರಯೋಗವನ್ನು ಮಾಡಿಟ್ಟಿದೆ, ಅದೂ ಫಿಯೆಟ್ ಹೆಸರಿನಲ್ಲೇ. 2009ರಲ್ಲಿ ಬಂದ ಫಿಯೆಟ್ ಲಿನಿಯಾ ಸೆಡಾನಿನಲ್ಲಿ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಇತ್ತು. ಮರುವರ್ಷ ಅದೇ ಮೈಕಟ್ಟಿಗೆ ಟಿ-ಜೆಟ್ ಎಂಬ 1.4 ಲೀಟರಿನ ಪೆಟ್ರೋಲ್ ಟರ್ಬೊ ಸೇರಿತು. ಎರಡಕ್ಕೂ ಟರ್ಬೊ, ಎರಡಕ್ಕೂ ಕಂಪ್ಯೂಟರ್. ನಾಜೂಕಿನಲ್ಲಿ ಡೀಸೆಲ್ಲೇ ಒಂದು ಕೈ ಮೇಲು: ಅದರ ಕಾಮನ್ ರೈಲಿನ ಒತ್ತಡ ಸಿಎನ್‌ಜಿ ಸಿಲಿಂಡರಿನ ಒತ್ತಡದ ಐದಾರು ಪಟ್ಟಿಗೂ ಮಿಗಿಲು, ಇಂಜೆಕ್ಟರಿನ ತೂತು ಕೂದಲಿಗಿಂತ ಸಣ್ಣದಲ್ಲದಿದ್ದರೂ ಅದರ ಆಸುಪಾಸಿನದು. ಸರಳತೆಯ ವಾದ ನಿಜವಾಗಿದ್ದರೆ ಪೆಟ್ರೋಲ್ ಗಾಡಿಯೇ ಸಲೀಸಾಗಿ ರಿಪೇರಿಯಾಗಬೇಕಿತ್ತು. ಆದದ್ದು ತದ್ವಿರುದ್ಧ. ಅದೇ ಮಲ್ಟಿಜೆಟ್ ಮಾರುತಿಯ ಸ್ವಿಫ್ಟು ಡಿಸೈರುಗಳಲ್ಲಿ ಡಿಡಿಐಎಸ್ ಎಂಬ ಹೆಸರಿನಲ್ಲಿ, ಟಾಟಾದ ವಿಸ್ತಾ ಮಾನ್ಜಾಗಳಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ದೇಶದ ಮೂಲೆಮೂಲೆಗೆ ಹಬ್ಬಿತು. ರಾಷ್ಟ್ರೀಯ ಎಂಜಿನ್ ಎಂಬ ಅಡ್ಡಹೆಸರೇ ಬಿತ್ತು. ಅದರ ಟೈಮಿಂಗ್ ಚೈನು, ಇಜಿಆರ್ ವಾಲ್ವು, ಇಂಜೆಕ್ಟರ್ ವಾಷರು ಸಕಲವೂ ಕುರ್ಲಾದಲ್ಲಿ ಸಿಗುತ್ತವೆ, ಸಾಕಿನಾಕಾದ ಗ್ಯಾರೇಜಿನವನಿಗೆ ಬಾಯಿಪಾಠ. ಟಿ-ಜೆಟ್ ಮಾತ್ರ ಬೆರಳೆಣಿಕೆಯ ಅಭಿಮಾನಿಗಳ ಗಾಡಿ. 2019ರ ಹೊತ್ತಿಗೆ ಫಿಯೆಟ್ ಹೆಸರಿನ ಕಾರುಗಳೇ ನಿಂತುಹೋದ ಮೇಲೆ ಅದಕ್ಕೊಂದು ಸೆನ್ಸರ್ ಹುಡುಕುವುದು ಸ್ವತಃ ಸ್ಪ್ಯಾನರ್ ತಿರುಗಿಸುವುದಕ್ಕಿಂತ ದೊಡ್ಡ ಕೆಲಸವಾಯಿತು. ಸ್ಕ್ಯಾನರ್ ಈಗ ಅಗ್ಗದಲ್ಲೇ ಸಿಗುತ್ತದೆ, ದೋಷದ ಸಂಕೇತವನ್ನು ಫೋನಿನಲ್ಲೇ ಓದಬಹುದು. ರೋಗ ಗೊತ್ತಾದ ಮೇಲೆ ಔಷಧಿಯ ಅಂಗಡಿ ಇಲ್ಲದಿರುವುದೇ ತೊಡಕು.

ಕ್ಯೂಬಾದ ಉದಾಹರಣೆಯನ್ನು ಮುಂದಿಟ್ಟು ಇದನ್ನು ಅಲ್ಲಗಳೆಯಲು ಬರುತ್ತದೆ. ಹವಾನಾದಲ್ಲಿ ಐವತ್ತರ ದಶಕದ ಶೆವರ್ಲೆ, ಬ್ಯೂಕ್, ಪ್ಲಿಮತ್ ಹೀಗೆ ನಾನಾ ತಳಿಗಳು ಇಂದಿಗೂ ಓಡುತ್ತಿವೆ, ಅಲ್ಲಿ ಏಕರೂಪವೆಲ್ಲಿ? ಬಾನೆಟ್ ಎತ್ತಿದರೆ ಕಾಣುತ್ತದೆ. ಎಷ್ಟೋ ಗಾಡಿಗಳ ಒಳಗೆ ಸೋವಿಯತ್ ಕಾಲದ ಲಾಡಾ, ವೋಲ್ಗಾ ಎಂಜಿನ್ನುಗಳು, ಇಲ್ಲವೇ ಕೈಗೆ ಸಿಕ್ಕ ಡೀಸೆಲ್ಲುಗಳು ಕೂತಿವೆ. ಹೊರಗಿನ ವೈವಿಧ್ಯವನ್ನು ಉಳಿಸಿಕೊಂಡು ಒಳಗೆ ಏಕರೂಪಕ್ಕೆ ಇಳಿದದ್ದರಿಂದಲೇ ಅವು ಬದುಕಿದವು.

ಹಾಗೆಂದು ಲೈಸೆನ್ಸ್ ರಾಜ್ಯಕ್ಕೆ ಆರತಿ ಎತ್ತುವ ಅಗತ್ಯವಿಲ್ಲ. ಮೆಕ್ಯಾನಿಕ್ಕಿಗೆ ಅನ್ನವಾದ ಏಕರೂಪ ಗಿರಾಕಿಗೆ ಬರೆಯಾಗಿತ್ತು. ಹೊಸ ಕಾರನ್ನೇ ಮನೆಗೆ ತರುವ ಮೊದಲು ಗ್ಯಾರೇಜಿಗೆ ಒಯ್ದು ಬೋಲ್ಟು ಬಿಗಿಸಿಕೊಳ್ಳುವ ರೂಢಿ ಆ ಕಾಲದ್ದು. ಅಷ್ಟೊಂದು ಉಸ್ತಾದರು ಬೇಕಾಗಿದ್ದಕ್ಕೆ ಗಾಡಿಯ ಕಳಪೆತನವೂ ಕಾರಣ. ಹೊಗೆಯ ಬೆಲೆಯನ್ನು ಊರಿನ ಶ್ವಾಸಕೋಶ ತೆತ್ತಿತು. ಮಾರುತಿ ಬಂದಾಗ ಜನ ಪದ್ಮಿನಿಯನ್ನು ಕೈಬಿಟ್ಟದ್ದು ಕೃತಘ್ನತೆಯಿಂದಲ್ಲ. ಆದರೆ ಮಾರುತಿ 800 ಕೂಡ ಅದೇ ಕಥೆಯನ್ನೇ ಮುಂದುವರಿಸಿತು ಎಂಬುದನ್ನು ಗಮನಿಸಬೇಕು: ತೀರ ಬೇರೆ ಜಾತಿಯ ಜಪಾನಿ ಯಂತ್ರ, ಮೊದಲಿಗೆ ಉಸ್ತಾದರು ಮೂಗು ಮುರಿದರು, ಸಂಖ್ಯೆ ಬೆಳೆದಂತೆ ಕಲಿತರು.

ಪದ್ಮಿನಿಯನ್ನು ಕೊನೆಗೂ ರಸ್ತೆಯಿಂದ ಇಳಿಸಿದ್ದು ರಿಪೇರಿಯ ಸೋಲಲ್ಲ, ವಯಸ್ಸಿನ ಕಟ್ಟಳೆ. ಟ್ಯಾಕ್ಸಿಗೆ ಮೊದಲು 25 ವರ್ಷ, 2013ರಲ್ಲಿ 20 ವರ್ಷ ಎಂದು ಮಿತಿ ಹಾಕಿದರು. ತಾರ್‌ದೇವ್ ಆರ್‌ಟಿಒದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ 30ರಿಂದ ಮುಂಬೈಯಲ್ಲಿ ಅಧಿಕೃತ ಪದ್ಮಿನಿ ಟ್ಯಾಕ್ಸಿ ಇಲ್ಲ. ಕುರ್ಲಾದ ಕಾರ್ಖಾನೆಯ ಜಾಗದಲ್ಲಿ ಈಗ ಕೋಹಿನೂರ್ ಸಿಟಿಯ ಕಟ್ಟಡಗಳಿವೆ.

ಇನ್ನು ಹಳೆಯ ಟರ್ಬೊ ಸೆಡಾನಿನ ಮಾಲೀಕನಿಗೆ ಕ್ಯೂಬಾದ ದಾರಿ, ಅಂದರೆ ಅಪರೂಪದ ಎಂಜಿನ್ ಇಳಿಸಿ ಎಲ್ಲೆಡೆ ಸಿಗುವ ಎಂಜಿನ್ ಕೂರಿಸುವುದು, ತೆರೆದಿದೆಯೇ? ಕಾನೂನು ಇಲ್ಲ ಎನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕ ಮೂಲದಲ್ಲಿ ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ವಿನಾಯಿತಿ ಇರುವುದು ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಇಂಧನ ಬದಲಾವಣೆಗೆ, ಅದೂ ಒಪ್ಪಿಗೆ ಪಡೆದ ಕಿಟ್ಟಿನಿಂದ. ಹೆಚ್ಚು ಬೂಸ್ಟು ಒತ್ತುವ ರೀಮ್ಯಾಪು, ದೊಡ್ಡ ಟರ್ಬೊ ಇವೆಲ್ಲ ಕದ್ದುಮುಚ್ಚಿ ನಡೆಯುವ ವ್ಯವಹಾರಗಳೇ. ಸುರಕ್ಷತೆ, ಹೊಗೆಗಳ ದೃಷ್ಟಿಯಿಂದ ಈ ಬಿಗಿಗೆ ಅರ್ಥವಿದೆ. ಎಂಜಿನ್ ಸವೆದರೆ ಅದೇ ಮೇಕಿನ ಅದೇ ಬಗೆಯ ಇನ್ನೊಂದನ್ನು ಕೂರಿಸಿ ಆರ್‌ಸಿಯಲ್ಲಿ ನಮೂದಿಸಬಹುದು ಎಂಬ ದಾರಿಯೇನೋ ಉಳಿದಿದೆ. ಅದು ಪ್ರಯೋಜನಕ್ಕೆ ಬರುವುದು ಆ ಬಗೆಯ ಎಂಜಿನ್ ಸಿಎಸ್‌ಟಿ ರಸ್ತೆಯಲ್ಲಿ ಸಾಲುಗಟ್ಟಿ ಬಿದ್ದಿರುವ ಡಿಸೈರಿನವನಿಗೆ. ಟಿ-ಜೆಟ್ಟಿನವನು ಅಪಘಾತವಾಗಿ ಗುಜರಿಗೆ ಬಂದ ಇನ್ನೊಂದು ಟಿ-ಜೆಟ್ಟಿಗಾಗಿ ಕಾಯಬೇಕು.